ಉನ್ಮತ್ತರ ದಾಯವೂ ಲೋಕಾಪವಾದವೂ: ಹಾಸನ ಸೀಮೆಯನ್ನು ಕುರಿತು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಚರಿತ್ರೆಗೆ ಶಾಸನಸಾಮಗ್ರಿಯ ಕೊರತೆಯಿಲ್ಲ. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನೂ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನೂ ಪ್ರಕಟಪಡಿಸಿದುದರಿಂದ ಭೂದಾನಮಾಡಿದವರು, ಕೆರೆ ಕಟ್ಟಿಸಿದವರು, ತುರುಗಾಳಗದಲ್ಲಿ ಮಡಿದವರು, ಸಲ್ಲೇಖನದಿಂದ ಮುಡಿಪಿದವರು, ಇವರೆಲ್ಲರ ಹೆಸರುಗಳೂ ಲೋಕಕ್ಕೆ ತಿಳಿದುಬಂದುವು. ಆದರೆ ಬುದ್ಧಿ ಕೆಟ್ಟವನೆಂದು ಮನೆಯವರೇ ಮೂಲೆಗಿಟ್ಟವನಿಗಾಗಿ ಕಲ್ಲು ನಿಲ್ಲಿಸುವ ಪದ್ಧತಿ ನಮ್ಮ ನಾಡಿನಲ್ಲಿರಲಿಲ್ಲ. ಚಂದ್ರಗಿರಿಯ ಬಂಡೆಗಳ ಮೇಲೆ, ಇದ್ದುದೆಲ್ಲವನ್ನೂ ತಾವಾಗಿ ತೊರೆದವರ ಹೆಸರುಂಟು. ಇದ್ದುದನ್ನು ಪರರು ಕಿತ್ತುಕೊಂಡವರ ಹೆಸರಿಲ್ಲ. ಅಂತಹವರ ವೃತ್ತಾಂತವನ್ನು ಅರಸಬೇಕಾದರೆ ಧರ್ಮಶಾಸ್ತ್ರದ ದಾಯಪ್ರಕರಣ, ಸರ್ಕಾರದ ಕಾಯಿದೆ, ಜನಗಣತಿಯ ಪಟ್ಟಿ, ಜನರ ಆಡುಮಾತು ಇವುಗಳನ್ನೇ ಸೋಸಿ ನೋಡಬೇಕಾಗುತ್ತದೆ.

ಮೊದಲು ಮಾತನ್ನೇ ತೆಗೆದುಕೊಳ್ಳಬಹುದು. ಈ ಸೀಮೆಯ ಹಳ್ಳಿಗಳಲ್ಲಿ ಹುಚ್ಚೇಗೌಡ, ಹುಚ್ಚಯ್ಯ, ಹುಚ್ಚಮ್ಮ, ಮರುಳಯ್ಯ, ಮರುಳಸಿದ್ದಪ್ಪ ಎಂಬ ಹೆಸರುಗಳು ಹಿಂದಿನಿಂದಲೂ ಬಳಕೆಯಲ್ಲಿವೆ. ಶಿಕಾರಿಪುರದ ಆಂಜನೇಯನು ಹುಚ್ಚರಾಯಸ್ವಾಮಿಯೆನಿಸಿದ್ದಾನೆ. ಉಜ್ಜಯಿನಿ ಪೀಠದವರು ಮರುಳಸಿದ್ಧರನ್ನು ಮೂಲಾಚಾರ್ಯರೆಂದು ಪೂಜಿಸುವರು. ಶೂನ್ಯಸಂಪಾದನೆಯಲ್ಲಿ ಬರುವ ಮರುಳಶಂಕರದೇವನು ಕಲ್ಯಾಣದಲ್ಲಿ ಶರಣರ ನಡುವೆಯೇ ಇದ್ದರೂ ಮರುಳನಂತೆ ತೋರುತ್ತಿದ್ದುದರಿಂದ ಯಾರ ಗಮನಕ್ಕೂ ಬಾರದೆ ಉಳಿದು, ಕೊನೆಗೆ ಅಲ್ಲಮಪ್ರಭುವಿನ ಕಣ್ಣಿಗೆ ಬಿದ್ದನು. ಇವನ್ನು ನೋಡಿದರೆ ನಮ್ಮ ಜನ ಮರುಳುತನವನ್ನು ಗೌರವಿಸಿದರೆಂದು ತೋರಬಹುದು. ಅದು ಅರ್ಧಸತ್ಯ. ಹುಚ್ಚಿನ ಗೌರವವು ದೇವರಿಗೆ, ಸಿದ್ಧರಿಗೆ, ಕಣ್ಣು ತಾಗದಿರಲೆಂದು ಹೆಸರಿಟ್ಟ ಕೂಸಿಗೆ ಸಂದಿತೇ ಹೊರತು ನಿಜವಾಗಿ ಚಿತ್ತ ಕದಡಿದ ಒಕ್ಕಲಮಗನಿಗೆ ಸಲ್ಲಲಿಲ್ಲ. ಅಲ್ಲಮನಂತಹವನು ಬಂದು ಗುರುತಿಸುವವರೆಗೆ ಶರಣರೂ ಮರುಳಶಂಕರನನ್ನು ಗಮನಿಸಲಿಲ್ಲವೆಂಬುದೇ ಆ ಕಥೆಯಲ್ಲಿ ಚರಿತ್ರಕಾರನು ಹಿಡಿಯಬೇಕಾದ ಅಂಶ.

ಅದೇ ಕಲ್ಯಾಣದಲ್ಲಿ, ಶರಣರಿಗಿಂತ ಸ್ವಲ್ಪ ಮೊದಲು, ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಹಾಸನ ಸೀಮೆಯ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಶತಮಾನಗಳ ಕಾಲ ಆಧಾರವಾಗಿದ್ದುದು ಈ ಗ್ರಂಥವೇ. ಕ್ಲೀಬ, ಪತಿತ, ಪತಿತನ ಮಗ, ಕುಂಟ, ಉನ್ಮತ್ತ, ಜಡ, ಕುರುಡ, ವಾಸಿಯಾಗದ ರೋಗವುಳ್ಳವನು—ಇವರಿಗೆ ಪಾಲಿಲ್ಲ, ಪೋಷಣೆ ಮಾತ್ರ ಉಂಟು ಎಂಬುದು ಅಲ್ಲಿಯ ವಿಧಿ. ಉನ್ಮತ್ತನಾರು ಎಂಬುದನ್ನು ವಿಜ್ಞಾನೇಶ್ವರನು ವೈದ್ಯಶಾಸ್ತ್ರದ ಭಾಷೆಯಲ್ಲಿಯೇ ವಿವರಿಸುವನು. ವಾತ, ಪಿತ್ತ, ಕಫ, ಸನ್ನಿಪಾತ, ಗ್ರಹಾವೇಶ ಇವುಗಳಿಂದುಂಟಾದ ಉನ್ಮಾದಕ್ಕೆ ವಶನಾದವನೇ ಉನ್ಮತ್ತ. ಚರಕನು ಹೇಳಿದ ಐದು ಬಗೆಯ ಉನ್ಮಾದಕ್ಕೂ ಇದಕ್ಕೂ ಹೊಂದಿಕೆ ಕಾಣುತ್ತದೆ. ಎಂದರೆ ಶಾಸ್ತ್ರಕಾರನು ಇದನ್ನು ರೋಗವೆಂದು ಬಲ್ಲನು. ಬಲ್ಲವನಾಗಿಯೂ ಪಾಲನ್ನು ತೆಗೆದನು.

ಆದರೂ ಅವನಿಗೆ ಅನ್ಯಾಯಮಾಡದೆ ಓದುವುದು ಅವಶ್ಯಕ. ಪಾಲು ಹಂಚುವುದಕ್ಕೆ ಮೊದಲು ದೋಷವಿದ್ದರೆ ಮಾತ್ರ ಈ ನಿಷೇಧ. ಪಾಲು ಪಡೆದು ಬೇರೆಯಾದವನಿಗೆ ಆಮೇಲೆ ದೋಷ ಬಂದರೆ ಕೊಟ್ಟುದನ್ನು ಹಿಂತೆಗೆದುಕೊಳ್ಳುವಂತಿಲ್ಲ. ಹಂಚಿಕೆಯಾದ ಮೇಲೆ ಔಷಧಾದಿಗಳಿಂದ ದೋಷ ನೀಗಿದರೆ ಅವನಿಗೆ ಪಾಲು ಸಲ್ಲಬೇಕು. ದೋಷವಿಲ್ಲದ ಅವನ ಮಗನು ಪೂರ್ಣ ಭಾಗಿ. ಹೆಣ್ಣುಮಕ್ಕಳನ್ನು ಮದುವೆಯಾಗುವವರೆಗೆ ಸಾಕಬೇಕು. ಮಕ್ಕಳಿಲ್ಲದ ಸಾಧ್ವಿಯಾದ ಹೆಂಡತಿಯನ್ನು ಜೀವಮಾನವಿಡೀ ಸಾಕಬೇಕು. ಇಲ್ಲಿ ಗಮನಿಸತಕ್ಕ ಭೇದವೊಂದಿದೆ. ಪತಿತನ ಕಳಂಕವು ಅವನ ಮಗನಿಗೂ ಇಳಿಯುವುದು, ಉನ್ಮತ್ತನದು ಇಳಿಯದು. ಉನ್ಮಾದವು ವಂಶದ ಪಾತಕವಲ್ಲವೆಂದು ಹನ್ನೆರಡನೆಯ ಶತಮಾನದ ಹೊತ್ತಿಗೆ ಕನ್ನಡನಾಡಿನಲ್ಲಿ ಕುಳಿತ ಪಂಡಿತನೊಬ್ಬನು ಬರೆದಿಟ್ಟಿರುವಾಗ, ಹೆಣ್ಣು ನೋಡಲು ಬಂದವರು ಇಂದಿಗೂ ಆ ಮನೆಯಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತೇ ಎಂದು ನೆರೆಹೊರೆಯಲ್ಲಿ ವಿಚಾರಿಸಿ ಸಂಬಂಧವನ್ನೇ ಬಿಡುವರು. ಈ ಒಂದು ವಿಷಯದಲ್ಲಿ ಶಾಸ್ತ್ರಕ್ಕಿಂತ ಲೋಕವೇ ನಿಷ್ಠುರ.

ವಿಧಿಯ ಫಲವನ್ನು ಊಹಿಸುವುದು ಕಷ್ಟವಲ್ಲ. ರಾಗಿಯ ಹೊಲವೂ ತೆಂಗಿನ ತೋಟವೂ ಇರುವ ನಾಲ್ವರು ಅಣ್ಣತಮ್ಮಂದಿರ ಮನೆಯಲ್ಲಿ ಒಬ್ಬನು ಉನ್ಮತ್ತನೆಂದು ನಿಶ್ಚಯವಾದರೆ ಉಳಿದ ಮೂವರ ಪಾಲು ಕಾಲಿನಿಂದ ಮೂರನೆಯ ಒಂದಕ್ಕೆ ಏರುವುದು. ಆದುದರಿಂದ ಹುಚ್ಚನೆಂದು ಕರೆಯುವುದು ಬರಿಯ ಮಾತಲ್ಲ. ಆ ಮಾತಿಗೆ ಬೆಲೆಯಿದೆ. ಪೋಷಿಸದವನು ಪತಿತನಾಗುವನೆಂದು ಮನು ಹೇಳಿದನಾದರೂ, ಎಷ್ಟು ಅನ್ನ, ಎಂತಹ ಬಟ್ಟೆ, ನಡುಮನೆಯಲ್ಲೋ ಕೊಟ್ಟಿಗೆಯಲ್ಲೋ ಎಂಬುದನ್ನು ಪಾಲು ಹೆಚ್ಚಿಸಿಕೊಂಡವರೇ ತೀರ್ಮಾನಿಸುವವರಾದರು.

ಕೋಲ್‌ಬ್ರೂಕನು 1810ರಲ್ಲಿ ಮಿತಾಕ್ಷರಾದ ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದನು. ಅಲ್ಲಿಂದ ಮುಂದೆ ಪಂಡಿತರ ವ್ಯವಸ್ಥೆಯು ನ್ಯಾಯಾಲಯದ ನಿರ್ಣಯವಾಗಿ ಗಟ್ಟಿಗೊಂಡಿತು. ಕುರುಡುತನವು ಹುಟ್ಟಿನಿಂದಲೇ ಇದ್ದರೆ ಮಾತ್ರ ಪಾಲಿಗೆ ಅಡ್ಡಿಯೆಂದು ನ್ಯಾಯಾಧೀಶರು ಹೇಳಿದರು. ಉನ್ಮಾದಕ್ಕಾದರೋ ಈ ದಯೆ ದೊರೆಯಲಿಲ್ಲ. ದಾಯವು ಒದಗುವ ಕಾಲದಲ್ಲಿ ಅದು ಇದ್ದರೆ ಸಾಕು, ಹುಟ್ಟಿನಿಂದ ಬಂದುದಾಗಲಿ ವಾಸಿಯಾಗದುದಾಗಲಿ ಆಗಬೇಕಿಲ್ಲವೆಂದಾಯಿತು. 1928ರ ಕಾಯಿದೆಯು ಬ್ರಿಟಿಷ್ ಇಂಡಿಯದಲ್ಲಿ ಕುರುಡ, ಕುಂಟ, ರೋಗಿ ಮೊದಲಾದವರ ಅನರ್ಹತೆಯನ್ನು ತೊಡೆದುಹಾಕಿತು. ಹುಟ್ಟಿನಿಂದ ಉನ್ಮತ್ತನೋ ಜಡನೋ ಆದವನನ್ನು ಮಾತ್ರ ಹೊರಗೇ ಉಳಿಸಿತು. ಹಾಸನವು ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದುದರಿಂದ ಆ ಕಾಯಿದೆ ತಾನಾಗಿ ಇಲ್ಲಿಗೆ ಅನ್ವಯಿಸುವಂತಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಪ್ರಕರಣವು ರೋಗ, ದೋಷ, ಅಂಗವೈಕಲ್ಯಗಳ ನೆಪದಿಂದ ಯಾರನ್ನೂ ದಾಯದಿಂದ ಹೊರಗಿಡಬಾರದೆಂದು ವಿಧಿಸಿತು. ವಿಜ್ಞಾನೇಶ್ವರನಿಂದ ಇಲ್ಲಿಗೆ ಎಂಟುನೂರು ವರ್ಷಗಳಿಗಿಂತ ಹೆಚ್ಚು ಕಾಲ ಸಂದಿತ್ತು.

ಆಸ್ಪತ್ರೆಯ ಕಥೆ ಬೇರೆ. ಮಾರ್ಕ್ ಕಬ್ಬನ್ನನು ಕಮಿಷನರಾಗಿದ್ದಾಗ, 1847ರ ಸುಮಾರಿಗೆ, ವೈದ್ಯ ಚಾರ್ಲ್ಸ್ ಇರ್ವಿಂಗ್ ಸ್ಮಿತ್ತನ ಮೇಲ್ವಿಚಾರಣೆಯಲ್ಲಿ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಸ್ಥಾಪಿತವಾಯಿತು. ಇಂಡಿಯದ 1858ರ ಮತ್ತು 1912ರ ಉನ್ಮತ್ತರ ಕಾಯಿದೆಗಳ ಕ್ರಮದಲ್ಲಿ ಅಲೆಯುವ ಹುಚ್ಚನನ್ನು ಪೋಲೀಸಿನವನು ಹಿಡಿದು ತರುವನು, ಮ್ಯಾಜಿಸ್ಟ್ರೇಟನು ಆಜ್ಞೆ ಬರೆಯುವನು, ವೈದ್ಯನು ಸರ್ಟಿಫಿಕೇಟು ಕೊಡುವನು. ರೋಗಿಯನ್ನು ಅಪರಾಧಿಯಂತೆ ನಡೆಸಿಕೊಳ್ಳುವ ಈ ವಿಧಾನದಿಂದ ಮೊದಲೇ ಇದ್ದ ಅಪವಾದ ಇಮ್ಮಡಿಯಾದುದರಲ್ಲಿ ಆಶ್ಚರ್ಯವಿಲ್ಲ. 1925ರಲ್ಲಿ ಹುಚ್ಚಾಸ್ಪತ್ರೆಯೆಂಬ ಹೆಸರು ಹೋಗಿ ಮಾನಸಿಕ ರೋಗಗಳ ಆಸ್ಪತ್ರೆಯೆಂದಾಯಿತು. ಡಾಕ್ಟರ್ ಫ್ರಾಂಕ್ ನೊರೋನ್ಹಾ ಅವರ ಶ್ರಮದಿಂದ 1930ರ ದಶಕದಲ್ಲಿ ಲಕ್ಕಸಂದ್ರದ ಬಳಿಯ ವಿಶಾಲವಾದ ಹೊಸ ಕಟ್ಟಡಗಳಿಗೆ ಅದು ಸ್ಥಳಾಂತರ ಹೊಂದಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, 1974ರಲ್ಲಿ ನಿಮ್ಹಾನ್ಸ್. ಹೆಸರು ಬದಲಾದಂತೆಲ್ಲ ಜನರ ಬೈಗುಳವೂ ಹೆಸರಿನ ಬೆನ್ನು ಹತ್ತಿತು. ರೇಗಿದವನು ಎದುರಾಳಿಯನ್ನು ನಿಮ್ಹಾನ್ಸಿಗೆ ಸೇರಿಸಬೇಕೆನ್ನುವುದು ಈಗ ಹಳ್ಳಿಯಲ್ಲಿಯೂ ಕೇಳಬಹುದಾದ ಮಾತು. ಹೆಸರನ್ನು ತಿದ್ದಿದರೆ ಅಪವಾದ ತೊಲಗುವುದೆಂದು ನಂಬಿದವರು ಈ ಉದಾಹರಣೆಯನ್ನು ಪರ್ಯಾಲೋಚಿಸಬೇಕು.

ಜನಗಣತಿಯೂ ಒಂದು ಸಾಕ್ಷಿಯೇ. ಹತ್ತೊಂಬತ್ತನೆಯ ಶತಮಾನದ ಗಣತಿಗಳಿಂದ ಹಿಡಿದು 1931ರವರೆಗೆ ಹುಚ್ಚರು, ಕಿವುಡಮೂಗರು, ಕುರುಡರು, ಕುಷ್ಠರೋಗಿಗಳು ಎಂಬ ನಾಲ್ಕು ವರ್ಗಗಳನ್ನು ಎಣಿಸುತ್ತಿದ್ದರು. ಹುಚ್ಚರ ಸಾಲಿನಲ್ಲಿ ಗಂಡಸರಿಗಿಂತ ಹೆಂಗಸರ ಸಂಖ್ಯೆ ಕಡಮೆ. ಇದನ್ನು ಪ್ರಕೃತಿಯ ಕಟ್ಟಳೆಯೆಂದು ತಿಳಿಯಲಾಗದು. ಗಣತಿದಾರನು ಜಗಲಿಯ ಮೇಲೆ ಕುಳಿತು ಮನೆಯ ಯಜಮಾನನನ್ನು ಕೇಳುವನು. ಒಳಮನೆಯಲ್ಲಿರುವ ಮಗಳನ್ನೋ ಸೊಸೆಯನ್ನೋ ಹುಚ್ಚಿಯೆಂದು ಬರೆಯಿಸಲು ಯಜಮಾನನಿಗೆ ಬಾಯಿ ಬಾರದು. ಮರೆಮಾಚುವಿಕೆಯ ವಿಷಯವನ್ನು ಗಣತಿಯ ಅಧಿಕಾರಿಗಳೂ ಒಪ್ಪಿರುವರು. 1941ರಿಂದ ಈ ಎಣಿಕೆಯನ್ನೇ ಕೈಬಿಟ್ಟರು.

ದೈವದ ಮೊರೆಹೋಗುವವರನ್ನು ಹಳಿಯುವುದು ವಿದ್ಯಾವಂತರ ವಾಡಿಕೆ. ಗಾಣಗಾಪುರದ ದತ್ತಕ್ಷೇತ್ರದಂತಹ ಸ್ಥಳಗಳಿಗೆ ಗ್ರಹಬಾಧೆಯವರನ್ನು ಕರೆದೊಯ್ಯುವ ಪದ್ಧತಿ ಇಂದಿಗೂ ನಿಂತಿಲ್ಲ. ಅಲ್ಲಿ ರೋಗಿಯನ್ನು ನಾಲ್ಕು ಜನರ ಎದುರಿಗೆ ಬಚ್ಚಿಡದೆ ತರುವರು. ತಪ್ಪು ದೆವ್ವದ್ದು, ಇವನದಲ್ಲವೆನ್ನುವರು. ಮನೆಯ ಕತ್ತಲಿನ ಮೂಲೆಗಿಂತ ಇದು ಮೇಲೆಂದು ಒಪ್ಪಬೇಕಾಗುತ್ತದೆ. ಆದರೆ ದೈವದ ಹೆಸರಿನಲ್ಲಿ ಸರಪಳಿ ಹಾಕುವುದಕ್ಕೆ ಸಮಾಧಾನವಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗದ ಹತ್ತಿರದ ಖಾಸಗಿ ವಸತಿಯೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಿಂದ ಬಿಗಿಯಲ್ಪಟ್ಟಿದ್ದ 28 ಜನ ರೋಗಿಗಳು ಓಡಲಾರದೆ ಸುಟ್ಟು ಸತ್ತರು. ಬೆಲ್ಜಿಯಮಿನ ಗೀಲ್ ಎಂಬ ಊರಿನಲ್ಲಾದರೋ ಸಂತಳೊಬ್ಬಳ ಯಾತ್ರೆಗೆಂದು ಬಂದ ಚಿತ್ತವಿಕಲರನ್ನು ಊರ ಒಕ್ಕಲುಗಳು ತಮ್ಮ ಮನೆಗಳಲ್ಲಿಯೇ ಇರಿಸಿಕೊಂಡು ಹೊಲಗೆಲಸಕ್ಕೆ ಜೊತೆಮಾಡಿಕೊಳ್ಳುವ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ. ಕ್ಷೇತ್ರಮಹಿಮೆ ಎರಡು ಕಡೆಯೂ ಒಂದೇ. ವ್ಯತ್ಯಾಸವು ಸುತ್ತಲಿನ ಜನರ ನಡತೆಯಲ್ಲಿ.

ಮದುವೆಯ ಕಾಯಿದೆಯಲ್ಲಿ ಅಪಸ್ಮಾರದ ಗತಿಯನ್ನೂ ಇಲ್ಲಿ ಹೇಳಬೇಕು. ಅದು ಉನ್ಮಾದವಲ್ಲವಾದರೂ, 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯಿಂದ ಮೂರ್ಛೆರೋಗವೂ ಉನ್ಮಾದದ ಜೊತೆಗೆ ಮದುವೆಯ ಅನರ್ಹತೆಗಳಲ್ಲಿ ಸೇರಿತು. ಅದನ್ನು ತೆಗೆದುಹಾಕುವುದಕ್ಕೆ 1999ರವರೆಗೆ ಕಾಯಬೇಕಾಯಿತು.

ಜಿಲ್ಲೆಯ ರೋಗಿ ಬೆಂಗಳೂರಿಗೆ ಬರುವ ಬದಲು ವೈದ್ಯವೇ ಜಿಲ್ಲೆಗೆ ಹೋಗಬೇಕೆಂಬ ಪ್ರಯೋಗ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದು, 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಾಸನದಲ್ಲಿಯೇ ಸರ್ಕಾರಿ ವೈದ್ಯಕೀಯ ವಿದ್ಯಾಲಯ 2006ರಲ್ಲಿ ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆಯು ಯಾವ ರೂಪದ ಸರಪಳಿಯನ್ನೂ ನಿಷೇಧಿಸಿ, ದೇಹದ ರೋಗಿಗೂ ಮನಸ್ಸಿನ ರೋಗಿಗೂ ಚಿಕಿತ್ಸೆಯಲ್ಲಿ ಭೇದವೆಣಿಸಬಾರದೆಂದು ಹೇಳುತ್ತದೆ. ಮತದಾರರ ಪಟ್ಟಿಯ ವಿಷಯದಲ್ಲಿ ಮಾತ್ರ 1950ರ ನಿಯಮವೇ ನಿಂತಿದೆ: ಸಮರ್ಥ ನ್ಯಾಯಾಲಯವು ಸ್ವಸ್ಥಚಿತ್ತನಲ್ಲವೆಂದು ಘೋಷಿಸಿದವನ ಹೆಸರು ಆ ಪಟ್ಟಿಗೆ ಸೇರುವಂತಿಲ್ಲ.