ಚಂದ್ರನ ಮೇಲೆ ದೂರದ ಗ್ರಹಿಕೆ

ಚಂದ್ರನ ನೆಲದ ಮೇಲೆ ನಿಂತ ಮನುಷ್ಯನು ಸುತ್ತಲಿನ ಬಂಡೆ, ಬೆಟ್ಟ, ಕುಳಿಗಳ ದೂರವನ್ನೂ ಗಾತ್ರವನ್ನೂ ಕಣ್ಣಳತೆಯಿಂದ ಅರಿಯುವುದನ್ನು ಚಂದ್ರನ ಮೇಲಿನ ದೂರದ ಗ್ರಹಿಕೆ ಎನ್ನಬಹುದು. ಭೂಮಿಯಲ್ಲಿ ನೆರವಾಗುವ ಕಣ್ಣಳತೆ ಅಲ್ಲಿ ಸುಲಭವಾಗಿ ತಪ್ಪುತ್ತದೆ ಎಂಬುದು ಅಪೊಲೊ ಯಾತ್ರೆಗಳಲ್ಲಿ (1969–1972) ತಿಳಿದುಬಂದಿತು.

ಭೂಮಿಯಲ್ಲಿ ಕಣ್ಣಳತೆ

ಅಕ್ಷಿಪಟದ ಮೇಲೆ ಹತ್ತಿರದ ಸಣ್ಣ ಕಲ್ಲೂ ದೂರದ ದೊಡ್ಡ ಬಂಡೆಯೂ ಒಂದೇ ಅಳತೆಯ ಬಿಂಬವನ್ನು ಮೂಡಿಸಬಲ್ಲವು. ಆದುದರಿಂದ ದೂರವನ್ನು ಮಿದುಳು ಸುಳಿವುಗಳಿಂದ ಊಹಿಸಬೇಕಾಗುತ್ತದೆ. 19ನೆಯ ಶತಮಾನದ ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಇಂತಹ ಊಹೆಯನ್ನು ‘ಅರಿವಿಗೆ ಬಾರದ ಅನುಮಾನ’ವೆಂದು ವಿವರಿಸಿದನು. ಮುಖ್ಯ ಸುಳಿವುಗಳು ಇವು:

- ಎರಡು ಕಣ್ಣುಗಳ ನೋಟದಲ್ಲಿನ ವ್ಯತ್ಯಾಸ. ಕಣ್ಣುಗಳ ನಡುವಿನ ಅಂತರ ಸುಮಾರು 6.5 ಸೆಂ.ಮೀ. ಮಾತ್ರವಾದ್ದರಿಂದ ಇದು ಹತ್ತಿರದ ವಸ್ತುಗಳಿಗೆ ಹೆಚ್ಚು ಉಪಯುಕ್ತ.
- ಗಾತ್ರ ಮೊದಲೇ ತಿಳಿದಿರುವ ಮರ, ಮನೆ, ದನಕರುಗಳಂತಹ ಪರಿಚಿತ ವಸ್ತುಗಳು.
- ಗಾಳಿಯ ಮಬ್ಬು. ದೂರದ ಬೆಟ್ಟಗಳು ಮಸುಕಾಗಿ, ನೀಲಿಯಾಗಿ ಕಾಣುತ್ತವೆ. ಲಿಯೊನಾರ್ಡೊ ಡ ವಿಂಚಿ ಚಿತ್ರಕಲೆಯ ಕುರಿತ ಬರಹಗಳಲ್ಲಿ ಇದನ್ನು ಚರ್ಚಿಸಿದ್ದಾನೆ.

ಚಂದ್ರನಲ್ಲಿನ ವ್ಯತ್ಯಾಸ

ಚಂದ್ರನಲ್ಲಿ ಗಾಳಿಯಿಲ್ಲದ ಕಾರಣ ದೂರದ ಬೆಟ್ಟವೂ ಕಾಲಬಳಿಯ ಕಲ್ಲಿನಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಮರವಾಗಲಿ ಮನೆಯಾಗಲಿ ಅಲ್ಲಿಲ್ಲ. ಕುಳಿಗಳೂ ಬಂಡೆಗಳೂ ಎಲ್ಲ ಗಾತ್ರಗಳಲ್ಲಿ ಒಂದೇ ಬಗೆಯಾಗಿ ತೋರುತ್ತವೆ. ಚಂದ್ರನು ಚಿಕ್ಕ ಗೋಳವಾದ್ದರಿಂದ ದಿಗಂತವೂ ಹತ್ತಿರ. ಸಮತಟ್ಟಾದ ನೆಲದ ಮೇಲೆ ನಿಂತವನಿಗೆ ಅದು ಭೂಮಿಯಲ್ಲಿ ಸುಮಾರು 4.7 ಕಿ.ಮೀ. ದೂರದಲ್ಲಿದ್ದರೆ, ಚಂದ್ರನಲ್ಲಿ ಸುಮಾರು 2.4 ಕಿ.ಮೀ. ದೂರದಲ್ಲಿರುತ್ತದೆ.

ಗಗನಯಾತ್ರಿಗಳ ಅನುಭವ

1971ರ ಫೆಬ್ರವರಿ 6ರಂದು ಅಪೊಲೊ 14ರ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಉಪಕರಣಗಳ ಕೈಗಾಡಿಯನ್ನು ಎಳೆಯುತ್ತ ಕೋನ್ ಕುಳಿಯ ಅಂಚನ್ನು ಹುಡುಕಿ ಹೊರಟರು. ಕುಳಿಯ ಅಡ್ಡಗಲ ಮುನ್ನೂರು ಮೀಟರಿಗೂ ಹೆಚ್ಚು. ಆದರೂ ಏರಿಳಿತದ ನೆಲದಲ್ಲಿ ಅಂಚೆಂದು ತೋರಿದ ದಿಬ್ಬದಾಚೆಗೆ ಮತ್ತೊಂದು ದಿಬ್ಬ ಕಾಣುತ್ತಿತ್ತು. ನಿಗದಿತ ಸಮಯ ಮೀರುತ್ತಿದ್ದುದರಿಂದ ಅವರು ಕುಳಿಯೊಳಗನ್ನು ನೋಡದೆಯೇ ಮರಳಿದರು. ಅವರು ಅಂಚಿಗೆ ಸುಮಾರು 30 ಮೀಟರುಗಳಷ್ಟು ಸಮೀಪ ತಲುಪಿದ್ದರೆಂದು, 2009ರಲ್ಲಿ ಹಾರಿಸಲಾದ ಲೂನಾರ್ ರಿಕಾನಸೆನ್ಸ್ ಆರ್ಬಿಟರ್ ನೌಕೆಯ ಚಿತ್ರಗಳಿಂದ ತಿಳಿಯಿತು.

1972ರಲ್ಲಿ ಅಪೊಲೊ 16ರ ಜಾನ್ ಯಂಗ್ ಮತ್ತು ಚಾರ್ಲ್ಸ್ ಡ್ಯೂಕ್ ಹತ್ತಿರದ್ದೆಂದು ಭಾವಿಸಿ ಒಂದು ಬಂಡೆಯತ್ತ ನಡೆದರು. ನಡೆದಷ್ಟೂ ಅದು ದೊಡ್ಡದಾಗುತ್ತ ಹೋಯಿತು. ಮನೆಯಷ್ಟು ದೊಡ್ಡದಾದ ಆ ಬಂಡೆಗೆ ‘ಹೌಸ್ ರಾಕ್’ ಎಂಬ ಹೆಸರಿದೆ.

ಉಪಕರಣಗಳ ನೆರವು

ಅಪೊಲೊ 15ರಿಂದ 17ರವರೆಗಿನ ಯಾತ್ರೆಗಳಲ್ಲಿ ಬಳಸಿದ ವಾಹನವು ಇಳಿನೌಕೆಯ ದಿಕ್ಕನ್ನೂ ದೂರವನ್ನೂ ತೋರಿಸುತ್ತಿತ್ತು. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಇಸ್ರೋದ ಚಂದ್ರಯಾನ-3, ನೆಲದಿಂದ ತನ್ನ ಎತ್ತರವನ್ನು ಅಳೆಯಲು ಲೇಸರ್ ಉಪಕರಣವನ್ನೂ ಹೊಂದಿತ್ತು.

ಹೊಂದಾಣಿಕೆಯ ಊಹೆ

ಚಂದ್ರನಲ್ಲಿ ದೀರ್ಘಕಾಲ ವಾಸಿಸುವವರ ಕಣ್ಣಳತೆ ಕ್ರಮೇಣ ಸರಿಹೋಗಬಹುದೆಂದು ಊಹಿಸಲು ಅವಕಾಶವಿದೆ. 1890ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಸ್ಟ್ರಾಟನ್ ನೋಟವನ್ನು ತಲೆಕೆಳಗಾಗಿಸುವ ಮಸೂರಗಳನ್ನು ಧರಿಸಿ, ಕೆಲವೇ ದಿನಗಳಲ್ಲಿ ಬಹುಮಟ್ಟಿಗೆ ಅದಕ್ಕೆ ಹೊಂದಿಕೊಂಡಿದ್ದನು. ಆದರೆ ಈ ಊಹೆಗೆ ಚಂದ್ರನ ಮೇಲೆ ಇನ್ನೂ ಪರೀಕ್ಷೆಯಾಗಿಲ್ಲ. ಅಲ್ಲಿ ಮನುಷ್ಯರು ತಂಗಿದ ಅತಿ ದೀರ್ಘ ಅವಧಿಯಾದ ಅಪೊಲೊ 17ರ ವಾಸ್ತವ್ಯ ಸುಮಾರು 75 ಗಂಟೆಗಳದ್ದು.

ಇದನ್ನೂ ನೋಡಿ

- ಅಪೊಲೊ ಯೋಜನೆ
- ಚಂದ್ರಯಾನ-3
- ದೃಷ್ಟಿಭ್ರಮೆ