ಕಲ್ಲಿನ ಮೇಲೆ ಅಕ್ಷರ ಹೊಂದಿಸಿದವರು

ಇಚಲಕರಂಜಿಯಿಂದ ಕೃಷ್ಣೆಯ ದಂಡೆಯತ್ತ ಸಾಗಿದರೆ ಖಿದ್ರಾಪುರ. ಕೋಪೇಶ್ವರ ಗುಡಿಗೆ ಬಂದವರ ಕಣ್ಣೆಲ್ಲ ಸ್ವರ್ಗಮಂಟಪದ ಕಂಬಗಳ ಮೇಲೆ, ನೆತ್ತಿಯಲ್ಲಿ ದುಂಡಗೆ ತೆರೆದ ಆಕಾಶದ ಮೇಲೆ. ಗುಡಿಯ ಒಳಹೊರಗೆ ಹತ್ತು ಹನ್ನೆರಡು ಶಾಸನಗಳೂ ಇವೆ; ಅವುಗಳ ಮುಂದೆ ನಿಲ್ಲುವವರು ಕಡಿಮೆ. ಒಂದನ್ನು ಬಿಟ್ಟು ಉಳಿದವೆಲ್ಲ ಕನ್ನಡ ಭಾಷೆಯವು, ಕನ್ನಡ ಲಿಪಿಯವು. ಬೇರೆಯಾದ ಆ ಒಂದು ಶಾಸನ ದಕ್ಷಿಣ ಬಾಗಿಲ ಬಳಿಯ ಹೊರಗೋಡೆಯಲ್ಲಿದೆ. ಅದು ದೇವಗಿರಿಯ ಯಾದವ ಸಿಂಘಣನದು. ಭಾಷೆ ಸಂಸ್ಕೃತ, ಲಿಪಿ ನಾಗರಿ.

ಒಂದೇ ಗುಡಿಯಲ್ಲಿ ಎರಡು ಬಗೆಯ ಅಕ್ಷರಗಳು ಹೀಗೆ ಅಕ್ಕಪಕ್ಕ ಕೂತಿರುವುದು ಕೊಲ್ಹಾಪುರ ಸೀಮೆಗೆ ಹೊಸತಲ್ಲ. ಈ ಕಲ್ಲುಗಳು ಯಾರವು ಎಂಬ ಗಡಿಜಗಳ ಸಾಕಷ್ಟು ನಡೆದಿದೆ. ಅಕ್ಷರಗಳನ್ನು ಸಾಲಾಗಿ, ಅಂದವಾಗಿ ಅವುಗಳ ಮೇಲೆ ಕೂರಿಸಿದವರ ಕಸುಬಿನ ಮಾತು ಮಾತ್ರ ಅಷ್ಟಾಗಿ ಬಂದಿಲ್ಲ.

ದೊಡ್ಡ ಶಾಸನ ಸಾಮಾನ್ಯವಾಗಿ ಒಬ್ಬನ ಕೆಲಸವಾಗಿರಲಿಲ್ಲ. ಪಾಠ ಕಟ್ಟುವವನು ಕವಿಯೋ ಸೇನಬೋವನೋ ಆಗಿರುತ್ತಿದ್ದ. ಅದನ್ನು ಕಲ್ಲಿನಲ್ಲಿ ಕಂಡರಿಸುವವನು ರೂವಾರಿ. ಕನ್ನಡದ ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಬೇರೆ ಬೇರೆಯಾಗಿ ಇರುವುದು ಇದಕ್ಕೇ. ಕಲ್ಲಿನ ತಲೆಯ ಭಾಗ ಚಿತ್ರಕ್ಕೆ ಮೀಸಲು: ನಡುವೆ ಜಿನಬಿಂಬ ಅಥವಾ ಲಿಂಗ, ಮೇಲೆ ಸೂರ್ಯಚಂದ್ರರು, ಪಕ್ಕದಲ್ಲಿ ಹಸುಕರು. ಉಳಿದ ಜಾಗದಲ್ಲಿ ರಾಜನ ವಂಶ, ದಾನದ ವಿವರ, ಕೆಡಿಸಿದವನಿಗೆ ಶಾಪ ಎಲ್ಲವೂ ಹಿಡಿಸಬೇಕು. ಪದಗಳ ನಡುವೆ ತೆರಪು ಬಿಡುವ ರೂಢಿ ಇರಲಿಲ್ಲ. ಕನ್ನಡದ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏರುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದ ಹಾಗೆ ಅಂತರವನ್ನು ಮೊದಲೇ ಲೆಕ್ಕ ಹಾಕಿಕೊಂಡಿರಬೇಕು. ಉಳಿ ಬಿದ್ದ ಮೇಲೆ ಅಳಿಸುವ ಮಾತೇ ಇಲ್ಲ. ಬಿಟ್ಟುಹೋದ ಅಕ್ಷರವನ್ನು ಸಾಲಿನ ಕೆಳಗೆ ಚಿಕ್ಕದಾಗಿ ಸೇರಿಸಬೇಕಾಗುತ್ತಿತ್ತು. 12ನೇ ಶತಮಾನದ ದುಂಡು ಕನ್ನಡ ಅಕ್ಷರಗಳ ಚೆಲುವಿನ ಹಿಂದೆ ಇಷ್ಟು ಬಿಗಿಯಾದ ಲೆಕ್ಕಾಚಾರ ಇದೆ.

ಆ ಶತಮಾನದಲ್ಲಿ ಕೊಲ್ಹಾಪುರವನ್ನು ಆಳಿದವರು ಶಿಲಾಹಾರರು. ಗಂಡರಾದಿತ್ಯನ ಕಾಲದ, ಶಕ 1058ರ ಕೊಲ್ಹಾಪುರದ ಶಿಲಾಶಾಸನ ಕನ್ನಡದಲ್ಲಿದೆ. ಸಾಮಂತ ನಿಂಬದೇವ ಕಟ್ಟಿಸಿದ ಬಸದಿಗೆ ಅಯ್ಯಾವೊಳೆ ಐನೂರ್ವರ ಸಂಘದ ವರ್ತಕರು ಸೇರಿ ಕೊಟ್ಟ ದಾನವನ್ನು ಅದು ಹೇಳುತ್ತದೆ. ಊರೂರಿನ ವ್ಯಾಪಾರಿಗಳು ಕೂಡಿ ಮಾಡಿದ ಕರಾರು ಅವರಿಗೇ ತಿಳಿಯುವ ಭಾಷೆಯಲ್ಲಿ ನಿಂತಿರಬೇಕಲ್ಲವೇ?

ಮುಂದಿನ ಅರಸ ವಿಜಯಾದಿತ್ಯನ ಎರಡು ಶಾಸನಗಳು ಇದಕ್ಕಿಂತ ಕುತೂಹಲದವು. ಒಂದು ಕೊಲ್ಹಾಪುರದ್ದು, 1143ರದು. ಇನ್ನೊಂದು ಕಾಗಲ ಬಳಿಯ ಬಾಮಣಿಯದು, 1150ರದು. ಎರಡೂ ಪಾರ್ಶ್ವನಾಥ ಬಸದಿಗಳಿಗೆ ಕೊಟ್ಟ ದಾನಪತ್ರಗಳು. ಭಾಷೆ ಸಂಸ್ಕೃತ, ಅಕ್ಷರ ಹಳಗನ್ನಡದವು. ಮೊದಲನೆಯದರಲ್ಲಿ ಬರುವ ಹಾವಿನ ಹೇರಿಲಗೆ ಎಂಬ ಊರು ಇಂದಿನ ಹೇರ್ಲೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸಂಸ್ಕೃತಕ್ಕೆ ಇಂಥದೇ ಲಿಪಿ ಎಂಬ ಕಟ್ಟು ಆ ರೂವಾರಿಗೆ ಇರಲಿಲ್ಲ. ಅವನ ಕೈಗೆ ಪಳಗಿದ್ದು ಕನ್ನಡದ ದುಂಡು. ಸಂಸ್ಕೃತದ ಶ್ಲೋಕವನ್ನೂ ಅದರಲ್ಲೇ ಹೊಂದಿಸಿದ.

ಗಡಹಿಂಗ್ಲಜದ ಕಡೆ ಬಂದರೆ ಕತೆ ತಿರುಗುಮುರುಗು. ಆ ತಾಲೂಕಿನ ಸಾಮಾನಗಡ ಕೋಟೆಯ ಹೆಸರಿನಿಂದಲೇ ಪ್ರಸಿದ್ಧವಾದ ತಾಮ್ರಪಟಗಳು ರಾಷ್ಟ್ರಕೂಟ ದಂತಿದುರ್ಗನವು, ಶಕ 675ರವು. ಕರ್ನಾಟಕದ ದೊಡ್ಡ ರಾಜ್ಯವೊಂದನ್ನು ಕಟ್ಟಿದವನ ಶಾಸನ. ಆದರೆ ಲಿಪಿ ನಾಗರಿಯ ಬಗೆಯದು. ನಾಗರಿಯ ಹುಟ್ಟನ್ನು ಚರ್ಚಿಸುವವರು ಇದನ್ನು ಬಹುಕಾಲದಿಂದ ಉಲ್ಲೇಖಿಸುತ್ತ ಬಂದಿದ್ದಾರೆ. ಅಕ್ಷರಗಳು ನಿಜವಾಗಿ ಅದೇ ಕಾಲದವೇ ಎಂಬ ವಾದವೂ ಇದೆ. ರಾಜನ ನಾಡು ನೋಡಿ ಲಿಪಿ ಹೇಳಲು, ಲಿಪಿ ನೋಡಿ ಜನರ ಮಾತು ಹೇಳಲು ಈ ಸೀಮೆ ಬಿಡುವುದಿಲ್ಲ.

ಈ ಅಕ್ಷರಗಳಲ್ಲಿ ಬಹಳಷ್ಟನ್ನು ಕಲ್ಲಿನಿಂದ ಕಾಗದಕ್ಕೆ ತಂದವರು ಕೆ.ಜಿ. ಕುಂದಣಗಾರರು. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಅವರು ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು 1939ರಲ್ಲಿ ಹೊರತಂದರು. ಪ್ರಾಕೃತ ವಿದ್ವಾಂಸ, ಸದಲಗಾದ ಆ.ನೇ. ಉಪಾಧ್ಯೆಯವರು ಕಲಿಸುತ್ತಿದ್ದುದೂ ಅದೇ ಕಾಲೇಜಿನಲ್ಲಿ. ಮುಂದೆ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಇಬ್ಬರಿಗೂ ಒಲಿಯಿತು: ಕುಂದಣಗಾರರಿಗೆ 1961ರಲ್ಲಿ ಗದಗಿನಲ್ಲಿ, ಉಪಾಧ್ಯೆಯವರಿಗೆ 1967ರಲ್ಲಿ ಶ್ರವಣಬೆಳಗೊಳದಲ್ಲಿ.

ಶಾಸನದ ಪಡಿಯಚ್ಚು ತೆಗೆಯುವುದು ಮೈಮುರಿಯುವ ಕೆಲಸ. ಕಲ್ಲನ್ನು ಉಜ್ಜಿ ತೊಳೆದು ಒದ್ದೆ ಕಾಗದ ಹೊದಿಸಬೇಕು. ಗಡುಸು ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ಕುಳಿಯೊಳಗೆ ಕಾಗದವನ್ನು ಇಳಿಸಬೇಕು. ಆಮೇಲೆ ಮೇಲಿಂದ ಮಸಿ ಒತ್ತಿದರೆ ಸುತ್ತಲಿನ ಜಾಗ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಓದಿ ಮುಗಿಸಿದ ಪಾಠ ಅಚ್ಚುಕೂಟಕ್ಕೆ ಹೋದಾಗ ಹಳೆಯ ತೊಡಕು ಹೊಸ ರೂಪದಲ್ಲಿ ಎದುರಾಗುತ್ತಿತ್ತು. ಮೊಳೆ ಜೋಡಿಸುವವನು ಒತ್ತಕ್ಷರವನ್ನು ಮೊಳೆಗಳ ಕೇಸಿನ ಬೇರೆ ಮನೆಯಿಂದ ಹೆಕ್ಕಿ ತಂದು ಜಾಗ ನೋಡಿ ಕೂರಿಸಬೇಕು. ಅದರ ಮೇಲೆ ಶಾಸನಗಳಲ್ಲಿ ಬರುವ ಱ, ೞ ಅಕ್ಷರಗಳು ದಿನನಿತ್ಯದ ಅಚ್ಚಿಗೆ ಬೇಡವಾದವು; ಅವುಗಳ ಮೊಳೆ ಎಲ್ಲ ಕೇಸುಗಳಲ್ಲೂ ಇರುತ್ತಿರಲಿಲ್ಲ.

ಇಂದು ಸೀಸದ ಮೊಳೆ ಹೋಗಿ ಕಂಪ್ಯೂಟರ್ ಬಂದಿದೆ. ಪುಣೆಯ ಶ್ರೀಲಿಪಿಯಂಥ ತಂತ್ರಾಂಶ ನಾಗರಿ, ಕನ್ನಡ ಎರಡರ ಅಲಂಕಾರದ ಅಕ್ಷರಗಳನ್ನೂ ಒಂದೇ ಪರದೆಗೆ ತರುತ್ತದೆ. ಒತ್ತಕ್ಷರ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಯುನಿಕೋಡ್‌ನಲ್ಲಿ ಱಕ್ಕೂ ೞಕ್ಕೂ ಸ್ಥಾನ ಸಿಕ್ಕಿದೆ. ಆದರೆ ೞ ಅಕ್ಷರಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದುಬಿಟ್ಟಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯುನಿಕೋಡ್‌ನ ನಿಯಮವಾದ್ದರಿಂದ ತಪ್ಪು ಹೆಸರು ಪಟ್ಟಿಯಲ್ಲಿ ಹಾಗೆಯೇ ಇದೆ. ಸರಿಯಾದ ಹೆಸರನ್ನು ಪಕ್ಕದ ಟಿಪ್ಪಣಿಯಲ್ಲಿ ಸೇರಿಸಿದ್ದಾರೆ.