ಅಜ್ಜಿಯ ಹೆಸರು ಹೊತ್ತವರು

ಯೊರುಬಾ ಮನೆಗಳಲ್ಲಿ ಅಜ್ಜಿ ತೀರಿಕೊಂಡ ಮೇಲೆ ಹುಟ್ಟಿದ ಹೆಣ್ಣುಮಗುವಿಗೆ ಯೆತುಂದೆ ಅಥವಾ ಇಯಾಬೊ ಎಂದು ಹೆಸರಿಡುತ್ತಾರೆ. ‘ಅಮ್ಮ ಮರಳಿ ಬಂದಳು’ ಎಂದು ಅರ್ಥ. ಅಜ್ಜ ಹೋದ ಮೇಲೆ ಹುಟ್ಟಿದ ಗಂಡುಮಗು ಬಾಬಾತುಂದೆ. ಇಗ್ಬೊ ಜನರಲ್ಲಿ ನ್ನೆನ್ನಾ ಎಂದರೆ ‘ತಂದೆಯ ತಾಯಿ’. ನೈಜೀರಿಯಾದ ಸಣ್ಣಕತೆಗಳನ್ನು ಓದಲು ಶುರುಮಾಡಿದಾಗ ನನಗೆ ಮೊದಲು ಹತ್ತಿರವಾದದ್ದು ಈ ಹೆಸರುಗಳು. ನಮ್ಮಲ್ಲೂ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದುಂಟು, ನನಗೂ ಇಟ್ಟಿದ್ದಾರೆ. ಆದರೆ ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದೆಂಬ ರೂಢಿಯೂ ಇದೆಯಲ್ಲ, ಹಾಗಾಗಿ ಅಮ್ಮ ಇಂದಿನವರೆಗೂ ನನ್ನನ್ನು ಆ ಹೆಸರಿನಿಂದ ಕರೆದಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಅಜ್ಜಿ, ಮನೆಯಲ್ಲಿ ಪುಟ್ಟಿ.

ಈ ಕತೆಗಳ ಬಗ್ಗೆ ಮಾತಾಡುವಾಗ ಒಂದು ವಾಕ್ಯ ಬಹಳ ಸಲೀಸಾಗಿ ಬಂದುಬಿಡುತ್ತದೆ: ದೆವ್ವವೆಂದರೆ ಮನಸ್ಸಿನ ಗಾಯದ ರೂಪಕ. ನನ್ನ ಪ್ರಬಂಧದ ಮೊದಲ ಅಧ್ಯಾಯದ ಕರಡಿನಲ್ಲಿ ನಾನೂ ಹಾಗೆಯೇ ಬರೆದಿದ್ದೆ. ಈಗ ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಸತ್ತವರು ಮರಳುವುದು ದಿನಬಳಕೆಯ ಹೆಸರುಗಳಲ್ಲೇ ಇರುವ ಕಡೆ, ಮರಳುವುದೇ ಆಘಾತವಾಗಲಾರದು. ಬಂದವರನ್ನು ಯಾರು ಮಾತಾಡಿಸುತ್ತಾರೆ ಎಂಬುದು ಅಲ್ಲಿಯ ಪ್ರಶ್ನೆ. ಕಳೆದ ಎಪ್ಪತ್ತು ವರ್ಷಗಳ ಕತೆಗಳಲ್ಲಿ ಬದಲಾಗುತ್ತ ಬಂದಿರುವುದು ಅದೇ.

ಚಿನುವಾ ಅಚಿಬೆಯ ‘ಡೆಡ್ ಮೆನ್ಸ್ ಪಾತ್’ 1953ರ ಕತೆ. ಉತ್ಸಾಹಿ ಹೆಡ್‌ಮಾಸ್ಟರ್ ಮೈಕೆಲ್ ಓಬಿ ಶಾಲೆಯ ಅಂಗಳದಲ್ಲಿ ಹಾದುಹೋಗುವ ಕಾಲುದಾರಿಗೆ ಮುಳ್ಳುತಂತಿ ಬಿಗಿಯುತ್ತಾನೆ. ಊರಿನ ಪೂಜಾರಿ ಬಂದು, ಸತ್ತವರು ಹೋಗುವುದೂ ಹುಟ್ಟಲಿರುವ ಮಕ್ಕಳು ಬರುವುದೂ ಈ ದಾರಿಯಲ್ಲೇ ಎಂದು ತಿಳಿಹೇಳುತ್ತಾನೆ. ಓಬಿ ನಗುತ್ತಾನೆ. ಎರಡು ದಿನಕ್ಕೆ ಊರಿನ ಹೆಂಗಸೊಬ್ಬಳು ಹೆರಿಗೆಯಲ್ಲಿ ಸಾಯುತ್ತಾಳೆ, ಶಾಲೆಯ ಹೂತೋಟ ನೆಲಸಮವಾಗುತ್ತದೆ. ವಸಾಹತು ಶಿಕ್ಷಣದ ಅಹಂಕಾರದ ಕತೆಯೆಂದು ಇದನ್ನು ಪಾಠ ಮಾಡುತ್ತಾರೆ, ಸರಿಯೇ. ಆದರೆ ಇಲ್ಲಿ ಯಾರೂ ಒಂಟಿಯಲ್ಲ ಎಂಬುದನ್ನು ಗಮನಿಸಿ. ಸತ್ತವರ ಪರವಾಗಿ ವಾದ ಮಾಡಲು ಒಬ್ಬ ಮುದುಕ ಕೋಲೂರಿಕೊಂಡು ಬರುತ್ತಾನೆ. ಒಂದು ಸಾವಾದರೆ ಕಣಿ ಕೇಳಿ ಕಾರಣ ಹುಡುಕುವ ಊರೇ ಇದೆ.

ಮತ್ತೆ ಮತ್ತೆ ಹುಟ್ಟಿ ಸಾಯುವ ಮಕ್ಕಳಿಗೆ ಯೊರುಬಾದಲ್ಲಿ ಅಬಿಕು ಎನ್ನುತ್ತಾರೆ, ಇಗ್ಬೊದಲ್ಲಿ ಒಗ್ಬಾಂಜೆ. ಎರಡೂ ಒಂದೇ ಅಲ್ಲ. ಆದರೆ ಎರಡರ ಹಿಂದೆಯೂ ಇರುವುದು ಮಕ್ಕಳನ್ನು ಸಾಲಾಗಿ ಕಳೆದುಕೊಂಡ ತಾಯಂದಿರು. ಅಂಥ ಮಗುವನ್ನು ಹೆಸರಿನಿಂದಲೇ ಬೇಡಿಕೊಳ್ಳುವುದು ಯೊರುಬಾ ಪದ್ಧತಿ: ಮಾಲೊಮೊ, ಇನ್ನು ಹೋಗಬೇಡ, ದುರೊಜಾಯೆ, ಇದ್ದು ಸುಖ ಉಣ್ಣು. ನಮ್ಮ ಹಳ್ಳಿಗಳ ತಿಪ್ಪಣ್ಣ, ಗುಂಡಪ್ಪಗಳನ್ನು ನೆನೆಸಿಕೊಂಡರೆ ಇದು ಅಪರಿಚಿತವೇನಲ್ಲ. ನಮ್ಮವರು ಸಾವಿಗೆ ಬೇಡವಾಗುವಂಥ ಹೆಸರಿಟ್ಟು ಅದನ್ನು ಏಮಾರಿಸಲು ನೋಡಿದರು, ಅವರು ಮಗುವನ್ನೇ ನೇರವಾಗಿ ಕೇಳಿಕೊಂಡರು.

ಆಮೇಲೆ ಯುದ್ಧ. 1967ರ ಜುಲೈಯಿಂದ 1970ರ ಜನವರಿವರೆಗಿನ ಬಯಾಫ್ರಾ ಯುದ್ಧದಲ್ಲಿ ಸತ್ತವರ ಅಂದಾಜು 5 ಲಕ್ಷದಿಂದ 30 ಲಕ್ಷದವರೆಗೆ ಹೊಯ್ದಾಡುತ್ತದೆ. ದಿಗ್ಬಂಧನದಿಂದ ಹಸಿದು ಸತ್ತ ಮಕ್ಕಳೇ ಲೆಕ್ಕವಿಲ್ಲದಷ್ಟು. ಗೆದ್ದವರಿಲ್ಲ, ಸೋತವರಿಲ್ಲ ಎಂದು ಸರ್ಕಾರ ಘೋಷಿಸಿತು. ಹಾಗೆಂದರೆ ಸತ್ತವರ ಬಗ್ಗೆ ಮಾತಾಡುವ ಜಾಗವೂ ಇಲ್ಲವಾಯಿತು.

ಅಚಿಬೆಯ ‘ಸಿವಿಲ್ ಪೀಸ್’ ಈ ಮೌನದ ಕತೆ. ಅದರಲ್ಲಿ ದೆವ್ವವಿಲ್ಲ, ಆದರೂ ನನ್ನ ಅಧ್ಯಯನದ ನಡುಮಧ್ಯೆ ಅದನ್ನೇ ಇಟ್ಟುಕೊಂಡಿದ್ದೇನೆ. ಯುದ್ಧ ಮುಗಿದಾಗ ಜೊನಾಥನ್ ಇವೆಗ್ಬು ತನ್ನ ಅದೃಷ್ಟವನ್ನು ಲೆಕ್ಕಹಾಕುತ್ತಾನೆ: ತಾನು, ಹೆಂಡತಿ, ನಾಲ್ವರಲ್ಲಿ ಮೂವರು ಮಕ್ಕಳು ಉಳಿದಿದ್ದಾರೆ. ಮೇಲೊಂದು ಹಳೆಯ ಸೈಕಲ್. ಸೈಕಲನ್ನು ಯಾರೂ ಕಿತ್ತುಕೊಳ್ಳದಿರಲೆಂದು ಅವನು ನಿರಾಶ್ರಿತರ ಶಿಬಿರದಲ್ಲಿ ಸತ್ತವರನ್ನು ಹೂಳುತ್ತಿದ್ದ ಬಯಲಲ್ಲೇ ಹೂತಿಟ್ಟಿದ್ದ. ಅವನ ಕಿರಿಯ ಮಗನೂ ಅಲ್ಲೇ ಇದ್ದಾನೆ. ಯುದ್ಧ ಮುಗಿದ ಮೇಲೆ ಅಗೆದು ತೆಗೆದರೆ ಸೈಕಲ್ಲಿಗೆ ಒಂದಿಷ್ಟು ತಾಳೆ ಎಣ್ಣೆ ಹಚ್ಚಿದರೆ ಸಾಕಾಯಿತು. ಮಗನ ಬಗ್ಗೆ ಅಚಿಬೆ ಮತ್ತೆ ಸೊಲ್ಲೆತ್ತುವುದಿಲ್ಲ. ಮೊದಲ ಓದಿನಲ್ಲಿ ಆ ಸಾಲು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಎರಡನೆಯ ಸಲ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಆ ಮಗುವಿಗೆ ಕತೆಯಲ್ಲಿ ಹೆಸರೂ ಇಲ್ಲ. ಮಣ್ಣಿನಿಂದ ಮರಳಿ ಬಂದದ್ದು ಸೈಕಲ್. ರಾತ್ರಿ ಕಳ್ಳರು ಬಾಗಿಲು ಬಡಿದಾಗ ಇಡೀ ಸಂಸಾರ ಕೂಗಿಕೊಂಡರೂ ನೆರೆಹೊರೆಯಿಂದ ಸದ್ದಿಲ್ಲ. ಓಬಿಯ ಶಾಲೆಯ ಸುತ್ತ ಇದ್ದ ಊರು ಇಲ್ಲಿ ಉಳಿದಿಲ್ಲ.

ಅರ್ಧ ಶತಮಾನದ ನಂತರದ ಕತೆಗಾರ್ತಿಯರು ಬರೆಯುತ್ತಿರುವುದು ಊರಿಲ್ಲದ ಇಂಥ ಮನೆಗಳ ಒಳಗಿನಿಂದ. ಲೆಸ್ಲಿ ನ್ನೆಕಾ ಅರಿಮಾ 2015ರಲ್ಲಿ ಪ್ರಕಟಿಸಿದ ‘ಹೂ ವಿಲ್ ಗ್ರೀಟ್ ಯೂ ಅಟ್ ಹೋಮ್’ ಕತೆಯ ಲೋಕದಲ್ಲಿ ಹೆಂಗಸರು ಕೈಗೆ ಸಿಕ್ಕಿದ್ದರಿಂದ ಮಗುವನ್ನು ಮಾಡಿಕೊಳ್ಳುತ್ತಾರೆ, ಅದಕ್ಕೆ ಜೀವ ಬರಲು ತಾಯಿಯ ಹರಕೆ ಬೇಕು. ತಾಯಿಯನ್ನು ಬಿಟ್ಟುಬಂದ ಓಗೆಚಿ ಕೆಲಸ ಕೊಟ್ಟ ಹೆಂಗಸಿನಿಂದ ಆ ಹರಕೆಯನ್ನು ಕೊಳ್ಳುತ್ತಾಳೆ, ಬೆಲೆಯಾಗಿ ತನ್ನ ಸಂತೋಷವನ್ನೇ ತೆರುತ್ತಾಳೆ.

ಪೆಮಿ ಅಗುಡಾಳ ‘ಘೋಸ್ಟ್‌ರೂಟ್ಸ್’ (2024) ಲಾಗೋಸ್ ನಗರದ 12 ಕತೆಗಳ ಸಂಕಲನ. ಅದರ ‘ಮ್ಯಾನಿಫೆಸ್ಟ್’ ಕತೆಯಲ್ಲಿ ತಾಯಿಯೊಬ್ಬಳಿಗೆ ಮಗಳ ಮುಖದಲ್ಲಿ ತನ್ನನ್ನು ಹಿಂಸಿಸಿದ್ದ ಸತ್ತ ತಾಯಿ ಕಾಣುತ್ತಾಳೆ. ಅಲ್ಲಿಂದ ಮಗಳಲ್ಲಿ ಕೇಡಿನ ಆಸೆಗಳು ಏಳತೊಡಗುತ್ತವೆ. ಯೆತುಂದೆ ಎಂಬ ಹೆಸರಿನ ಸಂಭ್ರಮವನ್ನು ಅಗುಡಾ ಮಗುಚಿ ಹಾಕಿದ್ದಾಳೆ: ಮರಳಿ ಬಂದ ಅಜ್ಜಿ ಒಳ್ಳೆಯವಳೇ ಆಗಿರಬೇಕೆಂದು ಯಾರು ಹೇಳಿದರು? ಕತೆ ಮುಗಿಸಿ ನಾನು ಯೋಚಿಸಿದ್ದು ಮಗಳ ಬಗ್ಗೆಯಲ್ಲ, ಆ ತಾಯಿಯ ಬಗ್ಗೆ. ಬಾಲ್ಯದಲ್ಲಿ ಪೆಟ್ಟು ತಿಂದವಳು, ಹೊಡೆದವಳ ಮುಖವನ್ನು ದಿನವೂ ಊಟದ ಮೇಜಿನಲ್ಲಿ ನೋಡಬೇಕು. ಆ ಮುಖದ ಹಿಂದಿನ ಕತೆಯನ್ನು ಮಗಳಿಗೆ ಹೇಳುವುದು ಹೇಗೆ?

ಕಳೆದ ವರ್ಷ ಹಾಸ್ಟೆಲಿನಿಂದ ಫೋನಿನಲ್ಲಿ ಅಮ್ಮನಿಗೆ ಈ ಕತೆ ಹೇಳಿದೆ. ಅಜ್ಜಿ ಅಮ್ಮನನ್ನು ನಡೆಸಿಕೊಂಡ ರೀತಿಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನನಗೆ ಗೊತ್ತಿರುವುದು ಚಿಕ್ಕಮ್ಮ ಅಡುಗೆಮನೆಯಲ್ಲಿ ಉದುರಿಸಿದ ಚೂರುಪಾರು. ಅಮ್ಮ ಪೂರ್ತಿ ಕೇಳಿಸಿಕೊಂಡಳು. ‘ಕೋಪ ಬಂದಾಗ ನಿನ್ನ ಹುಬ್ಬು ಥೇಟ್ ಅವರದೇ’ ಎಂದಳು. ನಾನು ಕಾದೆ. ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು, ಅಮ್ಮ ಊಟವಾಯಿತಾ ಎಂದು ಕೇಳಿದಳು.